ನೆಲದಿಂದ ಏಳುವ ಬಲ



ಮಾತನ್ನು ಆರಂಭಿಸುವ ಮುನ್ನ ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕು. ಪುಸ್ತಕವನ್ನು ಒಂದು ನಿಮಿಷ ಬದಿಗಿಡಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಿ. ಈಗ ಕೈಯನ್ನು ನೆಲಕ್ಕೆ ಊರದೆ, ಮಂಡಿಯನ್ನು ಹಿಡಿಯದೆ, ಪಕ್ಕದ ಗೋಡೆಯ ಆಸರೆ ಪಡೆಯದೆ ಎದ್ದು ನಿಲ್ಲಿ.

ನಿಮ್ಮಲ್ಲಿ ಬಹಳ ಮಂದಿ ಸಲೀಸಾಗಿ ಎದ್ದಿರುತ್ತೀರಿ. ಕೆಲವರು ಕೊಂಚ ಓಲಾಡಿರಬಹುದು, ಒಬ್ಬಿಬ್ಬರು ಕೈ ಊರಿಯೂ ಇರಬಹುದು. "ಇದರಲ್ಲಿ ಏನು ವಿಶೇಷ?" ಎಂದು ನೀವು ಕೇಳಬಹುದು. ಇಂದು ರಾತ್ರಿ ಊಟದ ಹೊತ್ತಿನಲ್ಲಿ ನಿಮ್ಮ ಅಜ್ಜಿಯನ್ನೋ ತಾತನನ್ನೋ ಗಮನಿಸಿ ನೋಡಿ, ವಿಶೇಷ ಏನೆಂದು ತಿಳಿಯುತ್ತದೆ. ಒಂದು ಕಾಲದಲ್ಲಿ ಮಣೆಯ ಮೇಲೆ ಕುಳಿತು ಊಟ ಮಾಡಿ, ಎಲೆ ಎತ್ತಿ, ಗೋಮಯ ಹಚ್ಚಿ ಏಳುತ್ತಿದ್ದ ಅಜ್ಜಿ ಈಗ ಕುರ್ಚಿ ಬಿಟ್ಟು ಕೆಳಗೆ ಕೂರುವುದಿಲ್ಲ. ಕುರ್ಚಿಯಿಂದ ಏಳುವಾಗಲೂ ಎರಡೂ ಕೈಗಳಿಂದ ಅದರ ತೋಳುಗಳನ್ನು ಒತ್ತಿ, "ಅಮ್ಮಾ" ಎಂದು ಉಸಿರು ಬಿಟ್ಟು ಏಳುತ್ತಾರೆ. ಅವರು ಕೊನೆಯ ಸಲ ನೆಲದ ಮೇಲೆ ಕುಳಿತು ತಾವಾಗಿಯೇ ಎದ್ದದ್ದು ಯಾವಾಗ? ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ, ಅವರಿಗೂ ನೆನಪಿರುವುದಿಲ್ಲ. ಈ ಬಲ ಒಂದೇ ದಿನದಲ್ಲಿ ಹೋಗುವುದಲ್ಲ. ಸದ್ದಿಲ್ಲದೆ, ಸ್ವಲ್ಪಸ್ವಲ್ಪವಾಗಿ ಹೋಗುತ್ತದೆ.

ಇಂದಿನ ನಮ್ಮ ವಿಷಯ ಇದೇ. ಇಂಗ್ಲಿಷಿನಲ್ಲಿ ಇದನ್ನು ಫಂಕ್ಷನಲ್ ಫಿಟ್‌ನೆಸ್ ಎನ್ನುತ್ತಾರೆ. ನಾವು ಸರಳವಾಗಿ 'ಬಳಕೆಯ ಬಲ' ಎಂದು ಕರೆಯೋಣ. ಕನ್ನಡಿಯ ಮುಂದೆ ನಿಂತು ತೋರಿಸುವ ತೋಳಿನ ಉಬ್ಬು ಇದಲ್ಲ. ಕೂರುವುದು, ಏಳುವುದು, ಬಾಗಿ ಎತ್ತುವುದು, ಹೊರುವುದು, ತಳ್ಳುವುದು, ಎಳೆಯುವುದು, ಮೆಟ್ಟಿಲು ಹತ್ತುವುದು, ಎಡವಿದಾಗ ಬೀಳದೆ ಸಾವರಿಸಿಕೊಳ್ಳುವುದು, ಇವೇ ನಿತ್ಯಜೀವನದ ಕೆಲಸಗಳು. ಇವನ್ನು ಪರರ ಸಹಾಯವಿಲ್ಲದೆ ಮಾಡಿಕೊಳ್ಳುವ ಸಾಮರ್ಥ್ಯವೇ ಬಳಕೆಯ ಬಲ. "ಕೈಕಾಲು ಗಟ್ಟಿಯಿರುವಾಗಲೇ ಕಣ್ಣು ಮುಚ್ಚಿದರೆ ಸಾಕು" ಎಂದು ಹಿರಿಯರು ಹೇಳುವುದನ್ನು ನೀವು ಕೇಳಿರುತ್ತೀರಿ. ಸಾವಿಗಿಂತ ಹೆಚ್ಚಾಗಿ ಅವರು ಹೆದರುವುದು ಪರಾಧೀನತೆಗೆ.

ಹದಿನಾರು ಹದಿನೆಂಟರ ನಮಗೆ ಮುಪ್ಪಿನ ಮಾತೇಕೆ ಎನ್ನುವಿರಾ? ಎರಡು ಕಾರಣಗಳಿವೆ. ಮೊದಲನೆಯದು, ಎಪ್ಪತ್ತನೆಯ ವಯಸ್ಸಿನಲ್ಲಿ ನಿಮಗೆ ಬೇಕಾಗುವ ಮೂಳೆ ಮತ್ತು ಸ್ನಾಯುಗಳ ಬಂಡವಾಳ ಕೂಡುವುದು ಈಗಲೇ. ಎರಡನೆಯದು, ನಿಮ್ಮ ಮನೆಯಲ್ಲಿರುವ ಹಿರಿಯರು ಇನ್ನು ಹತ್ತು ವರ್ಷ ಹೇಗಿರುತ್ತಾರೆ ಎಂಬುದರಲ್ಲಿ ನಿಮ್ಮ ಪಾತ್ರವೂ ಇದೆ. ಈ ಎರಡನೆಯ ಕಾರಣಕ್ಕೆ ಕೊನೆಯಲ್ಲಿ ಮರಳಿ ಬರುತ್ತೇನೆ.

ಮೊದಲು ದೇಹದ ಒಳಗೆ ಏನಾಗುತ್ತದೆ ಎಂದು ನೋಡೋಣ. ಮೂವತ್ತು ನಲವತ್ತರ ನಂತರ ಮನುಷ್ಯನ ಸ್ನಾಯುಗಳು ನಿಧಾನವಾಗಿ ಕರಗತೊಡಗುತ್ತವೆ. ಅರವತ್ತರ ನಂತರ ಈ ಇಳಿಕೆಗೆ ವೇಗ ಬರುತ್ತದೆ. 1989ರಲ್ಲಿ ಅಮೆರಿಕದ ಪೋಷಣ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ ಇದಕ್ಕೆ ಸಾರ್ಕೋಪೀನಿಯ ಎಂಬ ಹೆಸರು ಸೂಚಿಸಿದರು. ಗ್ರೀಕ್ ಭಾಷೆಯಲ್ಲಿ 'ಸಾರ್ಕ್ಸ್' ಎಂದರೆ ಮಾಂಸ, 'ಪೀನಿಯ' ಎಂದರೆ ಕೊರತೆ. ಸ್ನಾಯುವಿನಲ್ಲಿ ನಿಧಾನವಾಗಿ ಬಹಳ ಹೊತ್ತು ದುಡಿಯುವ ತಂತುಗಳೂ ಇವೆ, ಕ್ಷಣಾರ್ಧದಲ್ಲಿ ಜೋರಾಗಿ ಎಳೆಯುವ ತಂತುಗಳೂ ಇವೆ. ವಯಸ್ಸಾದಂತೆ ಹೆಚ್ಚು ಸೊರಗುವುದು ಈ ಎರಡನೆಯ ಬಗೆಯವು. ಕಾಲು ಕಲ್ಲಿಗೆ ತಗುಲಿದಾಗ ನಿಮ್ಮ ಇನ್ನೊಂದು ಕಾಲು ತಟ್ಟನೆ ಮುಂದೆ ಬಂದು ನಿಮ್ಮನ್ನು ಉಳಿಸುತ್ತದಲ್ಲವೇ? ಆ ಕೆಲಸ ಮಾಡುವುದು ಈ ವೇಗದ ತಂತುಗಳೇ. ಅವು ಸೊರಗಿದಾಗ ಎಡವಿದವರು ಬೀಳುತ್ತಾರೆ. ಮೂಳೆಯೂ ಟೊಳ್ಳಾಗಿದ್ದರೆ ಬಿದ್ದವರ ಸೊಂಟದ ಮೂಳೆ ಮುರಿಯುತ್ತದೆ. ಬಚ್ಚಲುಮನೆಯಲ್ಲಿ ಒಮ್ಮೆ ಜಾರಿ ಬಿದ್ದು ಹಾಸಿಗೆ ಹಿಡಿದವರು ಮತ್ತೆ ಮೊದಲಿನಂತೆ ಓಡಾಡದೇ ಹೋದ ಕಥೆ ನಮ್ಮ ಪ್ರತಿಯೊಂದು ಬೀದಿಯಲ್ಲೂ ಇದೆ. ಪ್ರಪಂಚದಲ್ಲಿ ಪ್ರತಿ ವರ್ಷ ಸುಮಾರು 6,84,000 ಮಂದಿ ಬೀಳುವುದರಿಂದಲೇ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು.

ಹಾಗಾದರೆ ಇದೆಲ್ಲವೂ ವಯಸ್ಸಿನದೇ ತಪ್ಪೇ? ಇಲ್ಲಿ ಒಂದು ಸ್ವಾರಸ್ಯಕರ ಪ್ರಯೋಗವನ್ನು ಹೇಳಬೇಕು. 1966ರಲ್ಲಿ ಅಮೆರಿಕದ ಡಾಲಸ್ ನಗರದಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿದರು. ಮಲಗುವ ಮುನ್ನ ಮತ್ತು ಎದ್ದ ನಂತರ, ದುಡಿಮೆಯ ವೇಳೆ ಅವರ ದೇಹ ಗರಿಷ್ಠ ಎಷ್ಟು ಆಮ್ಲಜನಕವನ್ನು ಬಳಸಬಲ್ಲುದು ಎಂದು ಅಳೆದರು. ಬರೇ ಮೂರು ವಾರಗಳಲ್ಲಿ ಆ ಸಾಮರ್ಥ್ಯದ ಕಾಲು ಭಾಗಕ್ಕಿಂತ ಹೆಚ್ಚು ಇಳಿದಿತ್ತು! ಕಥೆ ಇಲ್ಲಿಗೇ ಮುಗಿಯಲಿಲ್ಲ. ಮೂವತ್ತು ವರ್ಷಗಳ ನಂತರ, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆದು ಪರೀಕ್ಷಿಸಿದರು. ಆಗ ಅವರಿಗೆ ಐವತ್ತು ವರ್ಷ. ಮೂವತ್ತು ವರ್ಷಗಳ ಆಯುಷ್ಯ ಅವರ ಸಾಮರ್ಥ್ಯವನ್ನು ತಗ್ಗಿಸಿದ್ದಕ್ಕಿಂತ ಅಂದಿನ ಮೂರು ವಾರಗಳ ಮಲಗುವಿಕೆ ಹೆಚ್ಚು ತಗ್ಗಿಸಿತ್ತು. ಆರು ತಿಂಗಳ ಕ್ರಮವಾದ ತರಬೇತಿಯಿಂದ ಅವರು ಇಪ್ಪತ್ತನೆಯ ವಯಸ್ಸಿನ ಸಾಮರ್ಥ್ಯದ ಮಟ್ಟಕ್ಕೆ ಮರಳಿದರು. ಐದೇ ಜನರ ಪ್ರಯೋಗ ಎಂಬುದನ್ನು ಮರೆಯಬಾರದು, ನಿಜ. ಆದರೂ ಅದರ ಪಾಠ ಸ್ಪಷ್ಟ. ನಾವು ವಯಸ್ಸಿನ ಲೆಕ್ಕಕ್ಕೆ ಬರೆಯುವ ದೌರ್ಬಲ್ಯದಲ್ಲಿ ದೊಡ್ಡ ಪಾಲು ಅಲ್ಲಾಡದೆ ಕೂರುವುದರ ಲೆಕ್ಕಕ್ಕೆ ಸೇರಬೇಕಾದ್ದು.

ಇದಕ್ಕೂ ಮೊದಲೇ ಲಂಡನ್ನಿನ ವೈದ್ಯ ಜೆರೆಮಿ ಮಾರಿಸ್ ಇಂಥದೇ ಸುಳಿವನ್ನು ಬಸ್ಸುಗಳಲ್ಲಿ ಕಂಡಿದ್ದರು. ಎರಡು ಅಂತಸ್ತಿನ ಬಸ್ಸಿನಲ್ಲಿ ಡ್ರೈವರ್ ದಿನವಿಡೀ ಕುಳಿತಿರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡಲು ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಬೀದಿಗಳಲ್ಲಿ ದುಡಿಯುತ್ತಿದ್ದವರು. ಆದರೆ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯಿತ್ತು ಎಂದು ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದರು. ಅವರು ಎಚ್ಚರಿಕೆಯ ವಿಜ್ಞಾನಿ. ಡ್ರೈವರುಗಳು ಮೊದಲಿಂದಲೂ ಸ್ಥೂಲಕಾಯದವರೇ ಆಗಿದ್ದರೆ ಎಂಬ ಸಂದೇಹದಿಂದ ಅವರ ಸಮವಸ್ತ್ರದ ಸೊಂಟದ ಅಳತೆಗಳನ್ನೂ ತೆಗೆಸಿ ನೋಡಿದರು. ಡ್ರೈವರುಗಳ ಸೊಂಟ ಹೆಚ್ಚು ಅಗಲವೇ ಇತ್ತು! ಆದ್ದರಿಂದ ಒಂದೇ ಅಧ್ಯಯನದಿಂದ ತೀರ್ಪು ಕೊಡಲಾಗದು. ಮುಂದಿನ ದಶಕಗಳಲ್ಲಿ ಹಲವು ದೇಶಗಳ ಅಧ್ಯಯನಗಳು ಅದೇ ದಿಕ್ಕಿಗೆ ಬೆರಳು ತೋರಿಸಿದ ಮೇಲೆ ಈ ಮಾತು ಗಟ್ಟಿಯಾಯಿತು. ಮಾರಿಸ್ ಸ್ವತಃ 99 ವರ್ಷ ಬಾಳಿ 2009ರಲ್ಲಿ ತೀರಿಕೊಂಡರು.

ನಮ್ಮ ಮನೆಗಳ ಕಡೆಗೇ ಬನ್ನಿ. ಹಿಂದೆ ಬಾವಿಯಿಂದ ನೀರು ಸೇದುವುದಿತ್ತು. ಬೀಸುವ ಕಲ್ಲು, ಒರಳು, ಒನಕೆ ಇದ್ದವು. ಅಂಗಳ ಗುಡಿಸಿ, ಕುಕ್ಕರುಗಾಲಿನಲ್ಲಿ ಕುಳಿತು ರಂಗೋಲಿ ಹಾಕುವುದಿತ್ತು. ಈಗ ನಲ್ಲಿ ಬಂದಿದೆ, ಮಿಕ್ಸಿ ಬಂದಿದೆ, ಲಿಫ್ಟ್ ಬಂದಿದೆ. ಹಳೆಯದೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆ ದುಡಿಮೆ ಅನೇಕ ಹೆಣ್ಣುಮಕ್ಕಳ ಸೊಂಟವನ್ನೇ ಮುರಿದಿತ್ತು, ಓದುವ ಅವಕಾಶವನ್ನೂ ಕಸಿದಿತ್ತು. ಯಂತ್ರ ನಮ್ಮ ಶ್ರಮವನ್ನು ತೆಗೆದುಕೊಂಡದ್ದು ಒಳ್ಳೆಯದೇ. ಆದರೆ ಶ್ರಮದ ಜತೆಗೆ ವ್ಯಾಯಾಮವನ್ನೂ ತೆಗೆದುಕೊಂಡು ಹೋಯಿತು. ಬಿಟ್ಟುಹೋದದ್ದನ್ನು ನಾವು ಬೇರೆ ದಾರಿಯಲ್ಲಿ ತುಂಬಿಕೊಳ್ಳಬೇಕಾಗಿದೆ.

ಇದಕ್ಕೆ ಬೇಕಾದ ವಿದ್ಯೆ ನಮಗೆ ಹೊಸದಲ್ಲ. ನಮ್ಮ ಗರಡಿಮನೆಗಳಲ್ಲಿ ಸಾಮು ತೆಗೆಯುವವರು ದಂಡ, ಬಸ್ಕಿ ಹೊಡೆಯುತ್ತಿದ್ದರು, ಗದೆ ತಿರುಗಿಸುತ್ತಿದ್ದರು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆಗಳು ಇಂದಿಗೂ ನಡೆಯುತ್ತವೆ. 'ಶಾಂತಲಾ' ಕಾದಂಬರಿಯನ್ನು ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸುತ್ತಿದ್ದ ವ್ಯಾಯಾಮಪಟು ಎಂಬುದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ರೋಗಗಳಿಂದ ಬಳಲಿದ ನಿಶ್ಶಕ್ತ ಹುಡುಗ. ಮೈಸೂರಿನಲ್ಲಿ ಯೋಗ ಕಲಿತ ಅವರು 2014ರಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡರು, ತೊಂಬತ್ತು ದಾಟಿದ ಮೇಲೂ ಅಭ್ಯಾಸವನ್ನು ಬಿಟ್ಟಿರಲಿಲ್ಲ. ಇಷ್ಟೆಲ್ಲ ಇದ್ದೂ ನಾವು ಒಂದು ತಪ್ಪು ಮಾಡಿದೆವು. ಬಸ್ಕಿಯನ್ನು ಶಾಲೆಯಲ್ಲಿ ಶಿಕ್ಷೆಯನ್ನಾಗಿ ಮಾಡಿಬಿಟ್ಟೆವು. ತೊಡೆ, ಸೊಂಟ, ಮಂಡಿಗಳನ್ನು ಒಟ್ಟಿಗೆ ಗಟ್ಟಿಗೊಳಿಸುವ ಒಂದು ಒಳ್ಳೆಯ ವ್ಯಾಯಾಮ ಹೋಮ್‌ವರ್ಕ್ ಮಾಡದ ಹುಡುಗನಿಗೆ ಮೀಸಲಾಯಿತು!

ಈಗ ಮುಖ್ಯ ಪ್ರಶ್ನೆ. ಬಲ ಕಳೆದುಕೊಂಡ ವೃದ್ಧರಿಗೆ ಅದು ಮರಳಿ ಬರುತ್ತದೆಯೇ? "ಈ ವಯಸ್ಸಿನಲ್ಲಿ ಇನ್ನೇನು" ಎಂಬ ಮಾತಿಗೆ 1990ರಲ್ಲಿ ಬಾಸ್ಟನ್ ನಗರದಿಂದ ಉತ್ತರ ಬಂತು. ಅಲ್ಲಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿದ್ದ 86ರಿಂದ 96 ವರ್ಷದ ಹತ್ತು ಮಂದಿಗೆ ಡಾ. ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಎಂಟು ವಾರ ಕಾಲಿಗೆ ಭಾರ ಎತ್ತುವ ತರಬೇತಿ ಕೊಟ್ಟರು. ವಾರಕ್ಕೆ ಮೂರು ದಿನ, ವೈದ್ಯರ ನಿಗಾದಲ್ಲಿ, ಬಲ ಹೆಚ್ಚಿದಂತೆ ಭಾರವನ್ನೂ ಹೆಚ್ಚಿಸುತ್ತ ಹೋದರು. ತರಬೇತಿ ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು. ಅಂದರೆ ಮೊದಲು 10 ಕಿಲೋ ಎತ್ತುತ್ತಿದ್ದ ಕಾಲು 27 ಕಿಲೋ ಎತ್ತಿದ ಲೆಕ್ಕ. ಇಬ್ಬರು ಊರುಗೋಲನ್ನೇ ಬಿಟ್ಟರು. ಕೈ ಊರದೆ ಕುರ್ಚಿಯಿಂದ ಏಳಲಾಗದಿದ್ದ ಮೂವರಲ್ಲಿ ಒಬ್ಬರು ತಾವಾಗಿಯೇ ಎದ್ದರು. ಆದರೆ ತರಬೇತಿ ನಿಲ್ಲಿಸಿದ ನಾಲ್ಕು ವಾರಗಳಲ್ಲೇ ಗಳಿಸಿದ ಬಲ ಮತ್ತೆ ಇಳಿಯತೊಡಗಿತು. ಸ್ನಾಯುವಿನ ನಿಯಮ ಸರಳ. ಕೆಲಸ ಕೊಟ್ಟರೆ ಬೆಳೆಯುತ್ತದೆ, ನಿಲ್ಲಿಸಿದರೆ ಕರಗುತ್ತದೆ, ವಯಸ್ಸು ಕೇಳುವುದಿಲ್ಲ. ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಬಲ ಬಹುಪಾಲು ನರಗಳ ಕೊಡುಗೆ. ಮಲಗಿದ್ದ ತಂತುಗಳನ್ನು ಎಬ್ಬಿಸಿ ಒಟ್ಟಿಗೆ ದುಡಿಸಲು ಅವು ಕಲಿಯುತ್ತವೆ. ಸ್ನಾಯು ದಪ್ಪವಾಗುವುದು ಅನಂತರ.

ಈ ಬಲವನ್ನು ಅಳೆಯುವುದು ಹೇಗೆ? ದುಬಾರಿ ಯಂತ್ರ ಬೇಡ. ಮೂರು ಪರೀಕ್ಷೆಗಳನ್ನು ಹೇಳುತ್ತೇನೆ.

ಒಂದು, ನೀವು ಆಗಲೇ ಮಾಡಿದ ನೆಲದ ಪರೀಕ್ಷೆ. ಬ್ರೆಜಿಲ್ ದೇಶದ ವೈದ್ಯ ಕ್ಲೌಡಿಯೋ ಗಿಲ್ ಅರೌಜೊ ಇದಕ್ಕೆ ಅಂಕಗಳನ್ನು ಇಟ್ಟಿದ್ದಾರೆ. ಕೂರುವುದಕ್ಕೆ 5, ಏಳುವುದಕ್ಕೆ 5, ಒಟ್ಟು 10. ಕೈ, ಮಂಡಿ ಊರಿದ ಪ್ರತಿಯೊಂದು ಆಸರೆಗೂ ಒಂದು ಅಂಕ ಕಡಿಮೆ, ಓಲಾಡಿದರೆ ಅರ್ಧ ಅಂಕ ಕಡಿಮೆ. 51ರಿಂದ 80 ವರ್ಷದ 2,002 ಮಂದಿಯನ್ನು ಹೀಗೆ ಪರೀಕ್ಷಿಸಿ ಕೆಲವು ವರ್ಷ ಗಮನಿಸಿದಾಗ, ಕಡಿಮೆ ಅಂಕ ಬಂದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು ಎಂದು ಅವರ ತಂಡ 2012ರಲ್ಲಿ ವರದಿ ಮಾಡಿತು.

ಎರಡು, ಒಂಟಿಕಾಲಿನ ಪರೀಕ್ಷೆ. ಒಂದು ಪಾದವನ್ನು ಎತ್ತಿ ಇನ್ನೊಂದು ಕಾಲಿನ ಹಿಂಬದಿಗೆ ತಾಗಿಸಿ, ಕೈ ಇಳಿಬಿಟ್ಟು, ನೇರ ನೋಡುತ್ತ ಹತ್ತು ಸೆಕೆಂಡು ನಿಲ್ಲಬೇಕು. 51ರಿಂದ 75 ವರ್ಷದ 1,702 ಮಂದಿಯಲ್ಲಿ ಸುಮಾರು ಐವರಿಗೊಬ್ಬರು ಇದರಲ್ಲಿ ಸೋತರು ಎಂದು 2022ರಲ್ಲಿ ಅದೇ ತಂಡ ತಿಳಿಸಿತು.

ಮೂರು, ಕುರ್ಚಿಯ ಪರೀಕ್ಷೆ. ತೋಳಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡುಗಳಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಹುದು ಎಂದು ಎಣಿಸುವುದು. ಅಮೆರಿಕದ ಲೆಕ್ಕದಂತೆ 60ರಿಂದ 64 ವರ್ಷದ ಹೆಂಗಸರು 12ಕ್ಕಿಂತ, ಗಂಡಸರು 14ಕ್ಕಿಂತ ಕಡಿಮೆ ಎದ್ದರೆ ಅದು ಸಾಧಾರಣಕ್ಕಿಂತ ಕೆಳಗಿನ ಮಟ್ಟ.

ಒಂದು ಎಚ್ಚರಿಕೆ. ಈ ಅಂಕಗಳು ಜಾತಕವಲ್ಲ. ಮಂಡಿನೋವಿರುವವರಿಗೆ ಅಂಕ ಕಡಿಮೆ ಬಂದೀತು, ಅದರಿಂದ ಆಯುಷ್ಯವನ್ನು ಎಣಿಸಬೇಕಾಗಿಲ್ಲ. ಥರ್ಮಾಮೀಟರಿನಂತೆ ಇವು ಸ್ಥಿತಿಯನ್ನಷ್ಟೇ ಹೇಳುತ್ತವೆ. ವಯಸ್ಸಾದವರಿಗೆ ನೆಲದ ಪರೀಕ್ಷೆಯನ್ನು ನೀವಾಗಿಯೇ ಮಾಡಿಸಲು ಹೋಗಬೇಡಿ.

ಇನ್ನು ನೀವು ಮಾಡಬೇಕಾದುದು. ನಿಮ್ಮ ವಯಸ್ಸಿನವರು, ಅಂದರೆ 17 ವರ್ಷದವರೆಗಿನವರು, ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಂತೆ ಮೈ ದಣಿಸಬೇಕು, ವಾರಕ್ಕೆ ಮೂರು ದಿನವಾದರೂ ಸ್ನಾಯು ಮತ್ತು ಮೂಳೆಗಳಿಗೆ ಬಲ ಕೊಡುವ ಚಟುವಟಿಕೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ಮಾಡಿದೆ. ಮನುಷ್ಯನ ಮೂಳೆಯ ಗರಿಷ್ಠ ಸಾಂದ್ರತೆಯ ಸುಮಾರು ಶೇಕಡ 90 ಭಾಗ ಹದಿನೆಂಟು ಇಪ್ಪತ್ತರೊಳಗೆ ಕೂಡಿಬಿಡುತ್ತದೆ. ಕಬಡ್ಡಿ, ಖೋ-ಖೋ, ಕುಂಟೆಬಿಲ್ಲೆ, ಹಗ್ಗದಾಟ, ಹೀಗೆ ಕುಣಿದು ನೆಗೆಯುವ ಆಟಗಳು ಮೂಳೆಗೆ ಬಹಳ ಒಳ್ಳೆಯವು. ಇವು ಪರೀಕ್ಷೆ ಹತ್ತಿರ ಬಂತೆಂದು ನಿಲ್ಲಿಸಬೇಕಾದ ಆಟಗಳಲ್ಲ. ಜಿಮ್ಮಿಗೆ ಹೋಗಲು ಹಣವಿಲ್ಲವೇ? ಹತ್ತು ಬಸ್ಕಿ, ಗೋಡೆಗೋ ನೆಲಕ್ಕೋ ಕೈ ಊರಿ ಹತ್ತು ದಂಡ, ಒಂದೊಂದು ಕೈಯಲ್ಲಿ ಒಂದೊಂದು ಬಕೆಟ್ ನೀರು ಹಿಡಿದು ನೆಟ್ಟಗೆ ನಡೆಯುವುದು, ಲಿಫ್ಟ್ ಬಿಟ್ಟು ಮೆಟ್ಟಿಲು. ಇವಕ್ಕೆ ಕಾಸು ಖರ್ಚಿಲ್ಲ. ಭಾರ ಎತ್ತುವಾಗ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸದೆ, ಮಂಡಿ ಮಡಿಸಿ, ವಸ್ತುವನ್ನು ಮೈಗೆ ಹತ್ತಿರ ಹಿಡಿದು ಏಳಿ. ಫೋನು ಹಿಡಿದು ಗಂಟೆಗಟ್ಟಲೆ ಕೂರುವ ಬದಲು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ.

ಹಿರಿಯರಿಗೂ ಇದೇ ಪಾಠ, ಅಳತೆ ಮಾತ್ರ ಬೇರೆ. 65 ದಾಟಿದವರು ನಡಿಗೆಯ ಜತೆಗೆ ವಾರಕ್ಕೆ ಮೂರು ದಿನವಾದರೂ ಸಮತೋಲ ಮತ್ತು ಬಲದ ಅಭ್ಯಾಸ ಮಾಡಬೇಕೆಂಬುದು ಅದೇ ಸಂಸ್ಥೆಯ ಸಲಹೆ. ಅವರು ಗಟ್ಟಿಯಾದ ಕುರ್ಚಿಯಿಂದ ಐದು ಸಲ ಎದ್ದು ಕೂರಲಿ. ಮೊದಲು ಕೈ ಊರಿ, ಕೆಲವು ವಾರಗಳ ನಂತರ ಊರದೆ. ಅಡುಗೆಕಟ್ಟೆಯನ್ನು ಹಿಡಿದು ಹಿಮ್ಮಡಿ ಎತ್ತಿ ಇಳಿಸಲಿ. ಅದೇ ಕಟ್ಟೆಯನ್ನು ಹಿಡಿದು ಒಂಟಿಕಾಲಿನಲ್ಲಿ ಕೆಲವು ಕ್ಷಣ ನಿಲ್ಲಲಿ, ನೀವು ಪಕ್ಕದಲ್ಲಿರಿ. ಹೃದಯದ ಕಾಯಿಲೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡ, ಈಚಿನ ಶಸ್ತ್ರಚಿಕಿತ್ಸೆ, ಪದೇ ಪದೇ ತಲೆಸುತ್ತು ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಎದೆನೋವು, ಉಬ್ಬಸ ಕಂಡರೆ ತಕ್ಷಣ ನಿಲ್ಲಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸ್ನಾಯು ಕಟ್ಟಲು ಪ್ರೋಟೀನು ಬೇಕು. ಬರೀ ಅನ್ನ, ತಿಳಿಸಾರು ಸಾಲದು, ಬೇಳೆ, ಕಾಳು, ಹಾಲು, ಮೊಸರು, ರೂಢಿಯಿದ್ದವರಿಗೆ ಮೊಟ್ಟೆ ಮೀನು ತಟ್ಟೆಯಲ್ಲಿರಲಿ. ಜಾರುವ ಬಚ್ಚಲು, ಮಡಿಚಿಕೊಳ್ಳುವ ಕಾಲೊರಸು, ರಾತ್ರಿ ದೀಪವಿಲ್ಲದ ನಡುಮನೆ, ಇವುಗಳನ್ನು ಸರಿಪಡಿಸುವ ಕೆಲಸವನ್ನು ನೀವೇ ವಹಿಸಿಕೊಳ್ಳಿ.

ಆಗ ಹೇಳಿದ ಎರಡನೆಯ ಕಾರಣಕ್ಕೆ ಈಗ ಬರುತ್ತೇನೆ. ಹಿರಿಯರಿಂದ ಕೆಲಸ ಮಾಡಿಸಬಾರದು ಎಂಬುದು ನಮ್ಮ ಸಂಸ್ಕಾರ. "ನೀನು ಕೂತ್ಕೋ ಅಜ್ಜಿ, ನಾನು ತಂದ್ಕೊಡ್ತೀನಿ" ಎನ್ನುತ್ತೇವೆ. ನೀರಿನ ಲೋಟ ಕೈಗೇ ಬರುತ್ತದೆ, ತಟ್ಟೆ ಕುರ್ಚಿಗೇ ಬರುತ್ತದೆ, ಕೆಳಗೆ ಬಿದ್ದ ಕನ್ನಡಕವನ್ನು ನಾವೇ ಎತ್ತಿಕೊಡುತ್ತೇವೆ. ಪ್ರೀತಿಯಿಂದಲೇ ಮಾಡುತ್ತೇವೆ. ಆದರೆ ದಿನಕ್ಕೆ ಇಪ್ಪತ್ತು ಸಲ ಏಳುತ್ತಿದ್ದ ಅಜ್ಜಿಯನ್ನು ನಾಲ್ಕು ಸಲಕ್ಕೆ ಇಳಿಸಿದರೆ ಡಾಲಸ್ಸಿನ ಆ ಹಾಸಿಗೆಯ ಕಡೆಗೆ ಅವರನ್ನು ನಾವೇ ತಳ್ಳುತ್ತಿದ್ದೇವೆ. ಕಾಯಿಲೆಯಾದಾಗ ಸೇವೆ ಮಾಡಿ, ಅದು ಕರ್ತವ್ಯ. ಆರೋಗ್ಯವಾಗಿರುವಾಗ ಅವರ ಕೆಲಸವನ್ನು ಕಿತ್ತುಕೊಳ್ಳಬೇಡಿ. ಸೊಪ್ಪು ತರಲು ಜತೆಯಲ್ಲಿ ಕರೆದುಕೊಂಡು ಹೋಗಿ, ಹಗುರವಾದ ಒಂದು ಚೀಲವನ್ನು ಅವರಿಗೂ ಕೊಡಿ. ಗಿಡಕ್ಕೆ ನೀರು ಹಾಕುವ ಚೊಂಬು ಅವರ ಕೈಯಲ್ಲೇ ಇರಲಿ.

ನಾಳೆಯಿಂದ ಹೀಗೆ ಮಾಡಿ. ನೋಟುಪುಸ್ತಕದ ಹಿಂದಿನ ಪುಟದಲ್ಲಿ ಎರಡು ಕಲಮುಗಳನ್ನು ಎಳೆಯಿರಿ. ಒಂದು ನಿಮ್ಮದು, ಇನ್ನೊಂದು ಅಜ್ಜಿಯದೋ ತಾತನದೋ. ಮೂವತ್ತು ಸೆಕೆಂಡುಗಳಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದಿರಿ ಎಂದು ಇಬ್ಬರದನ್ನೂ ಬರೆಯಿರಿ. ಅವರು ಕೈ ಊರಿ ಎದ್ದರೆ ಹಾಗೆಂದೇ ಬರೆಯಿರಿ. ಎರಡು ತಿಂಗಳು ಇಬ್ಬರೂ ಒಟ್ಟಿಗೆ ಅಭ್ಯಾಸ ಮಾಡಿ, ಮತ್ತೆ ಎಣಿಸಿ. ನಿಮ್ಮ ಕಲಮಿನಲ್ಲಿ ಏರುವ ಅಂಕಿ ನಿಮಗೆ ಸಂತೋಷ ಕೊಡುತ್ತದೆ. ಪಕ್ಕದ ಕಲಮಿನಲ್ಲಿ ಮೂರು ಇದ್ದದ್ದು ಆರಾದರೆ, ಆ ಹಿರಿಯ ಜೀವ ಇನ್ನೂ ಕೆಲವು ವರ್ಷ ಯಾರ ಕೈಯನ್ನೂ ಕಾಯದೆ ತನ್ನ ಕಾಲ ಮೇಲೆ ನಿಲ್ಲಬಹುದು.